ಮಸಿಯಮ್ಮನ ಸೀಟಿ

ಅಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ಮುಚ್ಚಿಟ್ಟುಕೊಂಡು ಈಗ ಆಗಬೇಕಾದ್ದೂ ಏನಿಲ್ಲ. ಅವನು ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ನಮ್ಮದು ಶಂಕರನಾರಾಯಣದಲ್ಲಿ ಊರವರ ಮನೆಗಳಿಗೆ ಪೂಜೆ, ಹೋಮ ಮಾಡಿಸಿಕೊಂಡು ಬದುಕುತ್ತಿದ್ದ ಕುಟುಂಬ. ಅಪ್ಪಯ್ಯ ನಮ್ಮಿಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಮಂತ್ರ ಹೇಳಿಕೊಡುತ್ತಿದ್ದರು. ನನಗೆ ಎರಡು ಸಲ ಕೇಳಿದರೆ ಬಾಯಿಗೆ ಬರುತ್ತಿತ್ತು. ಅಣ್ಣನಿಗೆ ಹತ್ತು ಸಲ ಹೇಳಬೇಕು, ಹನ್ನೊಂದನೆಯ ಸಲ ಅವನು ಅದೇ ಜಾಗದಲ್ಲಿ ಮತ್ತೆ ತಪ್ಪುತ್ತಿದ್ದ. ಆದರೆ ನಮ್ಮನ್ನು ಕರೆಯುವ ಮನೆಗಳು ಇದ್ದದ್ದೇ ಇಷ್ಟು. ಅದು ಒಬ್ಬನ ಸಂಸಾರಕ್ಕೆ ಸಾಕು, ಇಬ್ಬರಿಗೆ ಸಾಲದು. ಮೊದಲು ಹುಟ್ಟಿದ ಎಂಬ ಒಂದೇ ಕಾರಣಕ್ಕೆ ಆ ಮನೆಗಳೆಲ್ಲ ಅವನ ಪಾಲಿಗೆ ಹೋದವು. ನಾನು ಕುಂದಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಬಾಯ್ಲರಿಗೆ ಸೌದೆ ಹಾಕಲು ಸೇರಿದೆ.

ಸೌದೆ ಹಾಕುತ್ತಿದ್ದವನು ಹತ್ತು ವರ್ಷದಲ್ಲಿ ಅದೇ ಬಾಯ್ಲರಿನ ಫಿಟ್ಟರ್ ಆದೆ. ಯಾರೂ ಕೂರಿಸಿ ಕಲಿಸಲಿಲ್ಲ. ಹಳೆಯ ಫಿಟ್ಟರ್ ಬಿಚ್ಚುವಾಗ ನೋಡಿದೆ, ಅವನು ಜೋಡಿಸುವಾಗ ನೋಡಿದೆ, ಅವನಿಗೆ ಕಣ್ಣು ಮಂಜಾದ ಮೇಲೆ ಅವನ ಬದಲಿಗೆ ನಾನೇ ಮಾಡಿದೆ. ಉಗಿಯ ಸದ್ದು ಕೇಳಿದರೆ ಸಾಕು, ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲವನಾದೆ. ಧಣಿಗಳು ನಾಲ್ಕು ಜನರೆದುರು ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ಶಂಕರನಾರಾಯಣದವರೆಗೆ ಮುಟ್ಟುತ್ತಿರಲಿಲ್ಲ.

ಮುಟ್ಟಿದ್ದು ಬೇರೆಯೇ ಸುದ್ದಿ. ಬಾಯ್ಲರಿನ ಉಗಿಯಿಂದ ಓಡುವ ಇಂಜಿನಿನಲ್ಲಿ ದಂಡ ಒಳಗೆ ಹೊರಗೆ ಓಡಾಡುವ ಜಾಗದಲ್ಲಿ ಉಗಿ ಸೋರದ ಹಾಗೆ ಸೆಣಬಿನ ಹಗ್ಗ ಸುತ್ತುತ್ತಾರೆ. ಆ ಹಗ್ಗಕ್ಕೆ ದನದ ಕೊಬ್ಬು ಸವರುವುದು ರೂಢಿ. ಇದನ್ನು ಯಾರೋ ಪುಣ್ಯಾತ್ಮರು ಹೋಗಿ ನಮ್ಮ ಅಬ್ಬಿಗೆ ಹೇಳಿದರು. ಅಬ್ಬಿ ಎಂದರೆ ನಮ್ಮ ತಾಯಿ, ನಮ್ಮ ಕಡೆ ಹಾಗೇ ಕರೆಯುವುದು. ಅವಳು ನನ್ನನ್ನು ಬೈಯಲಿಲ್ಲ. ಹಬ್ಬಕ್ಕೆ ಹೋದಾಗ ಹಲಸಿನ ಹಪ್ಪಳ ಮೊದಲಿನಂತೆಯೇ ಕಟ್ಟಿಕೊಟ್ಟಳು. ಆದರೆ ಕಟ್ಟನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟಳು. ಅಂದಿನಿಂದ ಅವಳು ನನ್ನ ಕೈ ಮುಟ್ಟಿದ್ದನ್ನು ನಾನು ಕಾಣೆ. ನೆರೆಹೊರೆಯವರು ಕೇಳಿದರೆ "ಸಣ್ಣವ ಕುಂದಾಪ್ರದಾಗೆ ಇದ್ದ" ಎನ್ನುತ್ತಿದ್ದಳು, ಏನು ಮಾಡಿಕೊಂಡಿದ್ದಾನೆ ಎಂದು ಮಾತ್ರ ಹೇಳುತ್ತಿರಲಿಲ್ಲ. ದೊಡ್ಡವನ ವಿಷಯ ಬಂದರೆ ಮಾತು ನಿಲ್ಲುತ್ತಲೇ ಇರಲಿಲ್ಲ.

ಅಣ್ಣ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಒಳ್ಳೆಯವನು, ಅದೂ ಮೈಯೆಲ್ಲ ಒಳ್ಳೆಯವನು. ಸಿಕ್ಕಿದವರಿಗೆಲ್ಲ "ನನ್ನ ತಮ್ಮನ್ ಹತ್ರ ಕಬ್ಬಿಣ ಮಾತಾಡ್ತ್" ಎಂದು ಹೇಳಿಕೊಂಡು ಬರುತ್ತಿದ್ದ. ಅವನ ಬಾಯಿಂದ ಬಂದ ಹೊಗಳಿಕೆ ನನಗೆ ಬೈಗುಳದ ಹಾಗೆ ಕೇಳುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಮಾತು ಇದು. ಬ್ರಹ್ಮಾವರದ ಕಡೆಯ ಒಬ್ಬ ರಾಯರು ಘಟ್ಟದ ಮೇಲೆ ಎಲ್ಲೆಲ್ಲಿಯೋ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾಗಿ ಬಂದಿದ್ದರು. ಅವರಿಗೆ ಒಂದೇ ಕೊರಗು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಒಂದು ಗೇಣು ಹಳಿ ಇಲ್ಲ, ನಮ್ಮ ಜನ ರೈಲು ಎಂಬುದನ್ನು ಕಣ್ಣಲ್ಲಿ ನೋಡದೆ ಸಾಯುತ್ತಾರೆ ಎಂದು. ಬಡಗಿನ ಕಡೆ ಎಲ್ಲೋ ಬಂದರಿನ ಕಟ್ಟೆ ಕಟ್ಟುವುದಕ್ಕೆ ಕಲ್ಲು ಸಾಗಿಸುತ್ತಿದ್ದ ಪುಟ್ಟ ಉಗಿ ಇಂಜಿನೊಂದು ಕೆಲಸ ಮುಗಿದು ಎಷ್ಟೋ ವರ್ಷ ಮರಳಿನಲ್ಲಿ ಬಿದ್ದಿತ್ತು. ಗುಜರಿಯವರು ಅದನ್ನು ಒಡೆದು ಹಾಕುವ ಮುಂಚೆ ರಾಯರು ಕೊಂಡುಕೊಂಡರು. ಕುಂದಾಪುರದ ಹೊಳೆಯಂಚಿನಲ್ಲಿ ಹಳೆಯ ಉಪ್ಪಿನ ಗೋದಾಮು ಖಾಲಿ ಬಿದ್ದಿತ್ತು. ಅದರಲ್ಲಿ ಇಂಜಿನು ನಿಲ್ಲಿಸಿ, ಗೋಡೆಗೆ ಲಾಟೀನು, ಹಸಿರು ಕೆಂಪು ಬಾವುಟ, ಟಿಕೆಟು ಒತ್ತುವ ಯಂತ್ರ ಎಲ್ಲ ಜೋಡಿಸಿ ಮ್ಯೂಸಿಯಂ ಮಾಡುವುದು ಅವರ ಎಣಿಕೆ.

ಇಂಜಿನು ಸಮುದ್ರದ ಮೇಲೆ ಹಾಯಿಯ ದೊಡ್ಡ ದೋಣಿಯಲ್ಲಿ, ಮಚ್ವೆಯಲ್ಲಿ, ಬಂತು. ಬಾಯ್ಲರು ಒಂದು ಮಚ್ವೆಯಲ್ಲಿ, ಗಾಲಿ ಮತ್ತು ಚೌಕಟ್ಟು ಇನ್ನೊಂದರಲ್ಲಿ. ನೀರು ಏರಿದ ಹೊತ್ತು ನೋಡಿ ಹೊಳೆಯೊಳಗೆ ತಂದು, ತೆಂಗಿನ ದಿಮ್ಮಿ ಹಾಸಿ, ಇಡೀ ದಿನ "ಹ್ವಾಯ್ ಹ್ವಾಯ್" ಎಂದು ಕೂಗಿಕೊಂಡು ದಡಕ್ಕೆ ಉರುಳಿಸಿದರು. ತಲ್ಲೂರಿನವರು ದೋಣಿ ದಾಟಿ ಬಂದು ನೋಡಿದರು. ನೋಡಿ ನಕ್ಕರು. ಅದು ಇಂಜಿನಿನ ಹಾಗೆ ಇರಲೇ ಇಲ್ಲ, ತುಕ್ಕಿನ ಗುಡ್ಡೆಯ ಹಾಗಿತ್ತು. ಬೆಂಕಿ ಉರಿಯಬೇಕಾದ ಗೂಡಿನಲ್ಲಿ ಏಡಿಗಳು ಸಂಸಾರ ಹೂಡಿದ್ದವು.

ರಾಯರು ಕಾರ್ಖಾನೆಗೆ ಬಂದು ನಮ್ಮ ಧಣಿಗಳ ಹತ್ತಿರ ನನ್ನನ್ನು ಕೇಳಿದರು. ಮಧ್ಯಾಹ್ನದ ಮೇಲೆ ನನ್ನನ್ನು ಬಿಟ್ಟುಕೊಡಲು ಧಣಿಗಳು ಒಪ್ಪಿದರು. ಇಂಜಿನಿನ ಸುತ್ತ ಒಂದು ಸುತ್ತು ಬಂದು ನಾನು ಕೇಳಿದೆ:

"ಇದ್ನ ಬರೀ ಬಣ್ಣ ಬಳ್ದ್ ನಿಲ್ಸೂದಾ, ಅಲ್ಲ ಜೀವ ಬರ್ಸೂದಾ?"

"ಜೀವ ಬಪ್ಪುಕೆ ಸಾಧ್ಯ ಇತ್ತಾ ಮಾರಾಯ?" ಎಂದರು ರಾಯರು.

"ಬಿಚ್ಚಿ ಕಾಂಬ" ಎಂದೆ.

"ನೀನ್ ಜೀವ ಬರ್ಸಿದ್ರೆ ಮೊದಲ್ನೇ ಸೀಟಿ ನಿನ್ ಕೈಯಾಗೇ" ಎಂದರು ಅವರು. ಆ ಮಾತು ನಾನು ಮರೆಯಲಿಲ್ಲ. ಅವರು ಮರೆತರು.

ಎಂಟು ತಿಂಗಳು ಹಿಡಿಯಿತು. ಬಾಯ್ಲರಿನ ಒಳಗೆ ಉದ್ದಕ್ಕೆ ಹೋಗುವ ಕೊಳವೆಗಳಲ್ಲಿ ಮರಳು, ಚಿಪ್ಪು ತುಂಬಿ ಕಲ್ಲಾಗಿತ್ತು. ಒಂದೊಂದನ್ನೇ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಬಿಡಿಸಿದೆ. ಕೆಟ್ಟುಹೋದ ಕೊಳವೆಗಳನ್ನು ತೆಗೆದು ಕಾರ್ಖಾನೆಯ ಹಳೆಯ ಬಾಯ್ಲರಿನವನ್ನು ಕತ್ತರಿಸಿ ಕೂರಿಸಿದೆ. ಹಿತ್ತಾಳೆಯ ಭಾಗಗಳನ್ನು ಹುಣಸೆಹುಳಿಯಲ್ಲಿ ತಿಕ್ಕಿದೆ. ಸೀಟಿ ಜಜ್ಜಿಹೋಗಿತ್ತು. ಅದನ್ನು ಕಾಯಿಸಿ ತಟ್ಟಿ ಸರಿಮಾಡಿ, ಅದರ ಕೊಳವೆಯಲ್ಲಿ ಉಗಿ ಸುಮ್ಮನೆ ಸೋರದಿರಲಿ ಎಂದು ನಡುವೆ ಒಂದು ಸಣ್ಣ ವಾಲ್ವ್ ಹಾಕಿದೆ. ವಾಲ್ವ್ ಮುಚ್ಚಿದ್ದರೆ ಎಷ್ಟು ಎಳೆದರೂ ಸೀಟಿ ಕೂಗದು. ಅದು ಇರುವ ಜಾಗ ನನಗೊಬ್ಬನಿಗೇ ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಹಠ ಹಿಡಿದೆ. ಈ ಇಂಜಿನಿಗೆ ಕೊಬ್ಬು ಮುಟ್ಟಿಸುವುದಿಲ್ಲ ಎಂದು ರಾಯರಿಗೆ ಖಡಾಖಂಡಿತವಾಗಿ ಹೇಳಿದೆ. ಸೆಣಬಿನ ಹಗ್ಗವನ್ನು ಹರಳೆಣ್ಣೆಯಲ್ಲಿ ದಿನಗಟ್ಟಲೆ ನೆನೆಸಿದೆ. ರಾಯರು ಇದು ಯಾವ ಮಡಿಯಪ್ಪ ಎಂದು ನಕ್ಕರು. ನಾನು ಅವರಿಗೆ ಕಾರಣ ಹೇಳಲಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದವನು ಅಬ್ಬಿಗೆ ಹೇಳಿದೆ:

"ಅಬ್ಬಿ, ಇದ್ಕೆ ಕೊಬ್ಬ್ ಗಿಬ್ಬ್ ಎಂತದೂ ಇಲ್ಲ. ಬರೀ ಹರಳೆಣ್ಣೆ. ನಾನೇ ಮಾಡಿದ್ದ್. ನೀನ್ ಒಂದ್ಸಲ ಬಂದ್ ಕಾಣ್ಕ್."

ಅವಳು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ "ಬತ್ತೆ, ಶುರು ಮಾಡೂ ದಿನ ಬತ್ತೆ" ಎಂದಳು. ಹದಿನೈದು ವರ್ಷದಲ್ಲಿ ನನ್ನ ಕೆಲಸ ನೋಡಲು ಅವಳು ಬರುತ್ತೇನೆಂದದ್ದು ಅದೇ ಮೊದಲು. ಆಮೇಲೆ ನಾನು ಆ ಇಂಜಿನಿನಲ್ಲಿ ಮಾಡಿದ ಕೆಲಸವೆಲ್ಲ ಅವಳು ಅದನ್ನು ನೋಡುವ ಒಂದು ಬೆಳಗ್ಗೆಗಾಗಿ.

ಈ ನಡುವೆ ನಮ್ಮ ಜನ ಒಂದು ತಪ್ಪು ಮಾಡಿದರು. ಅಂಥ ತಪ್ಪು ನಮ್ಮ ಜನ ಮಾತ್ರ ಮಾಡಬಲ್ಲರು. ಬಾಯ್ಲರನ್ನು ಕಾಯಿಸಿ ನೋಡಲು ನಮಗೆ ಇದ್ದಿಲು ಬೇಕಿತ್ತು. ಕಾಡಂಚಿನ ಕೆರಾಡಿಯಿಂದ ಒಬ್ಬ ಮುದುಕಿ ಶನಿವಾರದ ಸಂತೆಗೆ ಇದ್ದಿಲು ತರುತ್ತಿದ್ದಳು. ಇದ್ದಿಲಿಗೆ ಅವರು ಮಸಿ ಎನ್ನುವುದು. ರಾಯರು ಅವಳಿಗೆ, "ಇನ್ ಮೇಲೆ ವಾರ ವಾರ ಎರಡ್ ಗೋಣಿ ಮ್ಯೂಸಿಯಂಗೆ ತಂದ್ ಹಾಕ್" ಎಂದರು. ಅವಳ ಕಿವಿಗೆ ಅದು ಮಸಿಯಮ್ಮ ಎಂದು ಕೇಳಿಸಿತು. ಮುಂದಿನ ಶನಿವಾರ ಗೋದಾಮಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿ, "ಹ್ವಾಯ್ ಒಡೆಯರೇ, ಮಸಿಯಮ್ಮಂಗೆ ಮಸಿ ತಂದಿದ್ದೆ" ಎಂದು ಕೂಗಿದಳು. ಒಳಗೆ ಬಂದವಳು ಕರ್ರಗೆ ಮಿಂಚುವ ಇಂಜಿನನ್ನೂ, ಅದರ ಹೊಟ್ಟೆಯೊಳಗೆ ಕೆಂಪಗೆ ಉರಿಯುವ ಬೆಂಕಿಯನ್ನೂ ನೋಡಿ ಹಾಗೇ ನಿಂತಳು. ಅವಳು ಸೆರಗು ಹೊದ್ದು ಅಡ್ಡಬಿದ್ದಳು. ತಂದ ಇದ್ದಿಲಿಗೆ ದುಡ್ಡು ಕೊಟ್ಟರೆ, ಅಮ್ಮನಿಗೆ ಕೊಟ್ಟದ್ದಕ್ಕೆ ದುಡ್ಡು ತಕ್ಕಂಡರೆ ಕಣ್ಣು ಹೋಗುತ್ತದೆ ಎಂದು ಓಡಿಯೇ ಹೋದಳು.

ಮುಂದಿನ ವಾರ ಅವಳ ಜೊತೆ ಐದು ಜನ ಬಂದರು. ಅದರ ಮುಂದಿನ ವಾರ ಲೆಕ್ಕವಿಲ್ಲ. ದಾಸವಾಳ, ತೆಂಗಿನಕಾಯಿ, ಹೂವಿನ ದಂಡೆ. ಇದ್ದಿಲಿನ ಹೊಗೆಯಿಂದ ಬಸ್ಸು ಓಡುತ್ತಿದ್ದ ಕಾಲ ಅದು, ಯುದ್ಧದಲ್ಲಿ ಪೆಟ್ರೋಲು ಸಿಗದೆ ಹಾಗೆ ಮಾಡಿದ್ದರು. ಬಸ್ಸಿನ ಡ್ರೈವರುಗಳೂ ಬಂದು ಮಸಿಯಮ್ಮನಿಗೆ ಕಾಯಿ ಒಡೆದು ಹೋಗತೊಡಗಿದರು. ರಾಯರು ಸಿಟ್ಟಿನಿಂದ ಹಲಗೆ ತರಿಸಿ ದೊಡ್ಡ ಅಕ್ಷರದಲ್ಲಿ "ರೈಲು ಮ್ಯೂಸಿಯಂ" ಎಂದು ಬರೆಸಿ ತೂಗುಹಾಕಿದರು. ಓದು ಬಂದವರು ಅದನ್ನು ರೈಲು ಮಸಿಯಮ್ಮ ಎಂದೇ ಓದಿ, "ಕಾಣಿ, ಬೋರ್ಡೂ ಸಾ ಹಾಕಿರ್" ಎಂದು ಇನ್ನೊಬ್ಬರಿಗೆ ತೋರಿಸಿದರು.

ರಾಯರಿಗೆ ಕೋಪ. ನನಗೆ? ಸುಳ್ಳು ಹೇಳಬಾರದು, ನನಗೆ ಅದು ಹಿಡಿಸಿತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ನನ್ನೆದುರು ನಿಲ್ಲುತ್ತಿದ್ದರು. ನಾನು ಬೆರಳಿಗೆ ಹೊಗೆಮಸಿ ತೆಗೆದುಕೊಂಡು ಮಗುವಿನ ಕೆನ್ನೆಗೆ ಬೊಟ್ಟಿಡುತ್ತಿದ್ದೆ. ಅವರು ನನ್ನ ಕೈಯ ಮಸಿಯನ್ನು ಪ್ರಸಾದ ಎಂದು ಒಯ್ದರು. ಅಪ್ಪಯ್ಯ ಕಲಿಸಿದ ಮಂತ್ರಗಳೆಲ್ಲ ಆ ದಿನಗಳಲ್ಲಿ ತಾವಾಗಿಯೇ ನನ್ನ ಬಾಯಿಗೆ ಬಂದವು. ನಟ್ಟು ಬಿಗಿಯುವಾಗ ಗುಣುಗುಣಿಸುತ್ತಿದ್ದೆ. ಅಣ್ಣ ತಪ್ಪುತ್ತಿದ್ದ ಜಾಗ ಬಂದಾಗ ಬೇಕೆಂದೇ ಎರಡು ಸಲ ಸರಿಯಾಗಿ ಹೇಳುತ್ತಿದ್ದೆ.

ಶುರುಮಾಡುವ ದಿನ ಗೊತ್ತಾಯಿತು, ಒಂದು ಶನಿವಾರ ಬೆಳಗ್ಗೆ. ಸಂತೆಗೆ ಬಂದವರೆಲ್ಲ ನೋಡಲಿ ಎಂದು. ಆಗ ಊರ ನಾಲ್ಕು ಜನ ಬಂದು, ಸೀಟಿ ಕೂಗುವ ಮುಂಚೆ ಪೂಜೆ ಆಗಲೇಬೇಕು, ಅಮ್ಮನನ್ನು ಬರಿದೇ ಎಬ್ಬಿಸಬಾರದು ಎಂದರು. ರಾಯರು ಮೊದಲು ಕೊಸರಾಡಿ ಕೊನೆಗೆ ಸೋತರು. ನನ್ನ ಕಡೆ ತಿರುಗಿ, "ನಿನ್ ಅಣ್ಣ ಪೂಜಿ ಮಾಡ್ತ ಅಲ್ದಾ? ಅವ್ನ್ ಬಪ್ಪುಕ್ ಹೇಳ್" ಎಂದರು.

"ಎಂತಕ್ ಅವ? ನಂಗೂ ಮಂತ್ರ ಬತ್ತ್. ನಾನೇ ಮಾಡ್ತೆ" ಎಂದೆ.

ರಾಯರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ನಕ್ಕುಬಿಟ್ಟರು. ಕೆಟ್ಟ ನಗು ಅಲ್ಲ, ನಿಜವಾಗಿಯೂ ನಗೆ ಬಂದು ನಕ್ಕದ್ದು. "ನೀನಾ? ಈ ಕೈಯಾಗಾ? ಜನ ಎಂತ ಹೇಳ್ತ್ರ್!" ಎಂದರು. ಊರವರೂ ನಕ್ಕರು. ನನ್ನ ಕೈಯಿಂದ ತಮ್ಮ ಮಕ್ಕಳಿಗೆ ಬೊಟ್ಟು ಇಡಿಸಿಕೊಂಡವರೇ ಅವರಲ್ಲಿ ಇಬ್ಬರಿದ್ದರು. ನಾನೂ ನಕ್ಕೆ. ಮನೆಗೆ ಬರುವವರೆಗೂ ಆ ನಗು ಮುಖದಿಂದ ಹೋಗಲಿಲ್ಲ, ಅಂಟಿಕೊಂಡೇ ಇತ್ತು.

ಆ ಶನಿವಾರ ನಾನು ಬೆಳಕು ಹರಿಯುವ ಮೊದಲೇ ಬೆಂಕಿ ಹಾಕಿದೆ. ಬಿಸಿಲು ಏರುವ ಹೊತ್ತಿಗೆ ಬಾಯ್ಲರು ಸಣ್ಣಗೆ ಹಾಡತೊಡಗಿತು. ಒತ್ತಡ ತೋರಿಸುವ ಮುಳ್ಳು ಏರಬೇಕಾದಷ್ಟು ಏರಿತು. ಅಣ್ಣ ಮತ್ತು ಅಬ್ಬಿ ಮೊದಲ ಬಸ್ಸಿಗೆ ಬಂದರು. ಅಣ್ಣ ಮಡಿ ಉಟ್ಟು, ಮೈಗೆ ಗಂಧ ಹಚ್ಚಿಕೊಂಡು ಬಂದವನು ಇಂಜಿನಿನೆದುರು ಬಾಯಿ ತೆರೆದು ನಿಂತ. ಆಮೇಲೆ ನನ್ನನ್ನು ಬದಿಗೆ ಕರೆದು ಕೇಳಿದ:

"ತಮ್ಮ, ಇವ್ಳ ಹೆಸ್ರ್ ಎಂತಾಂತ ಹೇಳೂದ್ ಸಂಕಲ್ಪಕ್ಕೆ? ಮಸಿಯಮ್ಮ ಅಂಬ ದೇವ್ರ್ ಯಾವ್ದ್ ಪುಸ್ತಕದಾಗೂ ಇಲ್ಲ."

"ಅದ್ರ ಬೆನ್ನಾಗೆ ಹಿತ್ತಾಳೆ ಫಲಕ ಇತ್. ಇಂಗ್ಲಿಷಾಗೆ ಬರ್ದಿರ್. ಓದ್ಕಂಡ್ ಹೇಳ್" ಎಂದೆ ನಾನು.

ಅವನು ಅದನ್ನು ತಮಾಷೆ ಎಂದುಕೊಂಡು ನಕ್ಕ. ದುರ್ಗೆ ಎಂದೇ ಸಂಕಲ್ಪ ಮಾಡುತ್ತೇನೆ, ಕಪ್ಪಗಿದ್ದಾಳೆ, ಬೆಂಕಿ ಇದೆ, ತಪ್ಪಾಗಲಿಕ್ಕಿಲ್ಲ ಎಂದ. ಅಬ್ಬಿ ಗೋದಾಮಿನ ಕಂಬಕ್ಕೆ ಒರಗಿ ಹೆಂಗಸರ ನಡುವೆ ನಿಂತಿದ್ದಳು. ನಾನು ಇಂಜಿನಿನ ಮೇಲೆ, ಬಾಯ್ಲರಿನ ಹಿಂದೆ ನಿಲ್ಲುವ ಜಾಗದಲ್ಲಿದ್ದೆ. ಅವಳು ನನ್ನನ್ನು ನೋಡುತ್ತಾಳೋ ಎಂದು ನಾನು ಮತ್ತೆ ಮತ್ತೆ ನೋಡಿದೆ. ಅವಳ ಕಣ್ಣು ಅಣ್ಣನ ಮೇಲೆಯೇ ಇತ್ತು.

ಅಣ್ಣ ಪೂಜೆ ಮಾಡಿದ. ಅದೇ ಜಾಗದಲ್ಲಿ ತಪ್ಪಿದ. ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ನನ್ನ ಇಂಜಿನಿಗೆ ಅವನು ತಪ್ಪು ಮಂತ್ರ ಹೇಳಿದ್ದ, ಸರಿಯಾದದ್ದನ್ನು ನಾನು ಬಾಯೊಳಗೇ ಹೇಳಿಕೊಂಡೆ. ಅವನು ಮಂಗಳಾರತಿ ಎತ್ತಿ, ಆಮೇಲೆ ಜನರ ಕಡೆ ತಿರುಗಿ, "ಇದೆಲ್ಲ ಮಾಡಿದ್ದ್ ನನ್ನ ತಮ್ಮ" ಎಂದ. ಜನ ಅವನಿಗೇ ಕೈಮುಗಿದರು.

ಇನ್ನು ಸೀಟಿ. ರಾಯರು ನನ್ನ ಕಡೆ ನೋಡಿದರು, ನಾನು ಸೀಟಿ ಎಳೆಯುವ ಸರಪಳಿಗೆ ಕೈ ಹಾಕಿದೆ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು, "ಹ್ವಾಯ್, ಭಟ್ರೇ ಎಳೀಲಿ! ಪೂಜಿ ಮಾಡ್ದವ್ರೇ ಎಳೀಕ್!" ಹತ್ತಾರು ಜನ ಹೌದೌದು ಎಂದರು. ರಾಯರು ಅವರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕೈಯಲ್ಲಿ ಅಣ್ಣನಿಗೆ ಹತ್ತಿ ಬನ್ನಿ ಎಂದು ಸನ್ನೆ ಮಾಡಿದರು. ನಾನು ಅಬ್ಬಿಯನ್ನು ನೋಡಿದೆ. ಅವಳು ಖುಷಿಯಿಂದ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು. ದೊಡ್ಡವನು ಮೆಟ್ಟಲು ಹತ್ತುವುದನ್ನು ನೋಡಿ.

ಅಣ್ಣ ನನ್ನ ಪಕ್ಕಕ್ಕೆ ಬಂದು ನಿಂತ. ಮೈಯಿಂದ ಗಂಧದ ವಾಸನೆ ಬರುತ್ತಿತ್ತು. "ಎಂತ ಮಾಡ್ಕ್ ತಮ್ಮ? ನಂಗ್ ಹೆದ್ರಿಕೆ ಆತ್. ಇದ್ನ ಎಳ್ದ್ರೆ ಆಯ್ತಾ?" ಎಂದು ಪಿಸುಗುಟ್ಟಿದ.

"ಆಯ್ತ್. ಗಟ್ಟಿ ಎಳಿ" ಎಂದೆ.

ಹೇಳುತ್ತಲೇ ನನ್ನ ಬಲಗೈ ಬೆನ್ನ ಹಿಂದೆ ಹೋಗಿ ಸೀಟಿಯ ವಾಲ್ವನ್ನು ತಿರುಪಿತು. ಕೈ ತಾನಾಗಿಯೇ ಹೋಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೇನೂ ಇಲ್ಲ. ನಾನೇ ತಿರುಪಿದೆ, ಪೂರ್ತಿ ಮುಚ್ಚುವವರೆಗೆ.

ಅಣ್ಣ ಎಳೆದ. ಏನೂ ಇಲ್ಲ. ಇನ್ನೊಮ್ಮೆ ಎಳೆದ. ಇಂಜಿನಿನ ಎಲ್ಲ ಕಡೆಯಿಂದ ಉಗಿ ಬುಸುಗುಡುತ್ತಿತ್ತು, ಸೀಟಿ ಮಾತ್ರ ಮೂಕ. ಮೂರನೆಯ ಸಲ ಎರಡೂ ಕೈ ಹಾಕಿ ಜಗ್ಗಿದ. ಜನಿವಾರ ಬೆವರಿಗೆ ಮೈಗೆ ಅಂಟಿತು. ಆಗ ಕೆರಾಡಿಯ ಇದ್ದಿಲಿನ ಮುದುಕಿಯ ಸ್ವರ ಎಲ್ಲರಿಗೂ ಕೇಳಿತು: "ಅಮ್ಮಂಗೆ ಮನ್ಸಿಲ್ಲ. ಭಟ್ರಾಗೆ ಎಂತದೋ ಮೈಲಿಗಿ ಇತ್."

ಅಣ್ಣ ಸರಪಳಿ ಬಿಟ್ಟ. ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಸಂಶಯ ಇರಲಿಲ್ಲ, ಅದನ್ನು ನಾನು ಇವತ್ತಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಅವನು ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಮೆಟ್ಟಲಿಳಿದು ಹೋದ.

"ನೀ ಎಳಿ ಕಾಂಬ" ಎಂದರು ರಾಯರು ನನಗೆ, ಧ್ವನಿ ತಗ್ಗಿಸಿ. ಬೆನ್ನ ಹಿಂದೆ ವಾಲ್ವ್ ತೆರೆದೆ, ಎದುರಿನಲ್ಲಿ ಸರಪಳಿ ಎಳೆದೆ. ಸೀಟಿ ಕೂಗಿತು. ಅಂಥ ಸದ್ದು ಆ ಹೊಳೆಯ ದಂಡೆ ಅದುವರೆಗೆ ಕೇಳಿರಲಿಲ್ಲ. ಮಾಡಿನ ಹಂಚುಗಳ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು, ಆಚೆ ದಡದಲ್ಲಿ ತಲ್ಲೂರಿನ ನಾಯಿಗಳು ಬೊಗಳಿದವು. ಕೆಳಗೆ ಹೆಂಗಸರು ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದರು. ನಾನು ಮತ್ತೆ ಮತ್ತೆ ಎಳೆದೆ. ಹದಿನೈದು ವರ್ಷದ್ದನ್ನು ಒಂದೇ ಬೆಳಗ್ಗೆ ಕೂಗಿ ಮುಗಿಸುವವನ ಹಾಗೆ ಎಳೆದೆ.

ಇಳಿದು ಬಂದಾಗ ಅಬ್ಬಿ ಜನರನ್ನು ಸರಿಸಿಕೊಂಡು ಎದುರಿಗೆ ಬಂದಳು. ನನ್ನ ಎರಡೂ ಕೈಗಳನ್ನು, ಎಣ್ಣೆ ಮಸಿ ಮೆತ್ತಿದ ಕೈಗಳನ್ನು, ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಅವಳ ಹಣೆಗೆ, ಕೆನ್ನೆಗೆಲ್ಲ ಮಸಿಯಾಯಿತು. "ದೇವ್ರ್ ಕಂಡದ್ದ್ ನಿನ್ ಕೈಯ್ಯ. ನಂಗ್ ಕಣ್ಣಿರ್ಲಿಲ್ಲ ಮಗಾ" ಎಂದಳು. ನಾನು ಬೇಡಿದ್ದು ಅಷ್ಟೇ. ಅಷ್ಟೂ ಸಿಕ್ಕಿತು. ಅವಳ ಭುಜದಾಚೆ ಅಣ್ಣ ಹೊಳೆಯ ಅಂಚಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ಕೈ ತೊಳೆಯುತ್ತಿರುವುದು ಕಾಣುತ್ತಿತ್ತು. ತುಂಬ ಹೊತ್ತು ತೊಳೆಯುತ್ತಿದ್ದ.

ನಮ್ಮ ಸೀಮೆಯಲ್ಲಿ ಬಸ್ಸಿಗಿಂತ ಬೇಗ ಹೋಗುವುದು ಇಂಥ ಸುದ್ದಿ. ಅಮ್ಮ ಒಪ್ಪದ ಭಟ್ಟ ಎಂಬ ಹೆಸರು ಅಣ್ಣನಿಗಿಂತ ಮೊದಲೇ ಶಂಕರನಾರಾಯಣ ಸೇರಿತ್ತು. ಯಾರೂ ಮುಖದೆದುರು ಏನೂ ಅನ್ನಲಿಲ್ಲ. ಒಂದು ಮನೆಯವರು ಈ ಸಲ ಪೂಜೆ ಮುಂದಕ್ಕೆ ಹಾಕಿದ್ದೇವೆ ಎಂದರು. ಇನ್ನೊಂದು ಮನೆಯವರು ಮಗಳ ಗಂಡನ ಕಡೆಯ ಭಟ್ಟರನ್ನು ಕರೆಸಿಕೊಂಡರು. ಅಣ್ಣ ಒಪ್ಪೊತ್ತು ಊಟ ಹಿಡಿದ. ತಣ್ಣೀರಿನಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಕೂತು, ಎಲ್ಲಿ ಏನು ತಪ್ಪಿದೆ ಎಂದು ಹುಡುಕಿದ. ಚಿಕ್ಕಂದಿನಲ್ಲಿ ಮಾವಿನಕಾಯಿ ಕದ್ದದ್ದರಿಂದ ಹಿಡಿದು ಎಲ್ಲವನ್ನೂ ನೆನೆಸಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ ಎಂದು ಅಬ್ಬಿಯೇ ನನಗೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಅವನ ಮೇಲೆ ಸಣ್ಣ ಬೇಸರ ಇತ್ತು. ಮೊದಲು ಆ ಬೇಸರ ನನ್ನ ಪಾಲಿಗೆ ಇರುತ್ತಿತ್ತು.

ಕುಂದಾಪುರದಲ್ಲಿ ನನಗೆ ಸುಗ್ಗಿ. ಶನಿವಾರ ಶನಿವಾರ ಸೀಟಿ ಎಳೆಯುವುದು ನಾನೇ. ಜನ ಕೈಮುಗಿಯುತ್ತಿದ್ದರು. ರಾಯರು ಒಂದು ದಿನ ಇಂಜಿನಿನ ಹಿಂದೆಲ್ಲ ಬಗ್ಗಿ ನೋಡಿ, ಆ ಸಣ್ಣ ವಾಲ್ವಿನ ಮೇಲೆ ಬೆರಳಿಟ್ಟು, "ಇದೆಂತಕ್ಕಾ?" ಎಂದು ಕೇಳಿದರು. "ಉಗಿ ಸೋರೂಕಾಗ ಅಂತ" ಎಂದೆ. ಅವರು ಹ್ಞೂಂ ಎಂದರು. ಆಮೇಲೆ ನನ್ನ ಜೊತೆ ಮೊದಲಿನಷ್ಟು ಮಾತಾಡಲಿಲ್ಲ. ಅವರು ತಿಳಿದುಕೊಂಡರು ಎಂದೇ ನನ್ನ ಎಣಿಕೆ.

ನಾಲ್ಕು ತಿಂಗಳು ಸುಮ್ಮನಿದ್ದೆ. ಖುಷಿಯಾಗಿದ್ದೆ ಎಂದರೆ ನೀವು ನಂಬಬೇಕು. ಆಮೇಲೆ ಒಂದು ಬೆಳಗ್ಗೆ ಊರಿಗೆ ಹೋದಾಗ ಅಣ್ಣ ಅಂಗಳದಲ್ಲಿ ಕೂತು ಗರಿಕೆ ಆರಿಸುತ್ತಿದ್ದ. ಯಾರ ಮನೆಗೂ ಅಲ್ಲ, ಸುಮ್ಮನೆ ಅಭ್ಯಾಸಕ್ಕೆ. ಮೈ ಇಳಿದು ಭುಜದ ಎಲುಬು ಕಾಣುತ್ತಿತ್ತು. ನನ್ನನ್ನು ಕಂಡವನೇ ಗರಿಕೆಯ ಬುಟ್ಟಿಯನ್ನು ಬದಿಗೆ ಸರಿಸಿ, ಮೈ ಹಿಂದಕ್ಕೆ ಎಳೆದುಕೊಂಡು ಜಾಗ ಮಾಡಿಕೊಟ್ಟ. ಅವನು ಸರಿದದ್ದು ತನ್ನ ಮೈಲಿಗೆ ನನಗೆ ತಾಗದಿರಲಿ ಎಂದು. ಅದನ್ನು ನೋಡಿದ ಮೇಲೆ ನನಗೆ ಕೂರಲು ಆಗಲಿಲ್ಲ. ನಿಂತೇ ಹೇಳಿದೆ. ವಾಲ್ವಿನ ವಿಷಯ, ಬೆನ್ನ ಹಿಂದಿನ ಕೈಯ ವಿಷಯ, ಎಲ್ಲ. ಬೇಕೆಂದೇ ಮಾಡಿದೆ ಎಂದೂ ಹೇಳಿದೆ. ನಿನ್ನ ಮೇಲೆ ಚಿಕ್ಕಂದಿನಿಂದ ನನಗೆ ಹೊಟ್ಟೆಕಿಚ್ಚು ಎಂದೂ ಹೇಳಿದೆ. ಊರವರನ್ನು ಕರೆದು ಎಲ್ಲರೆದುರು ಹೇಳಲು ತಯಾರಿದ್ದೇನೆ ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಅಣ್ಣ ಒಂದು ಗರಿಕೆ ಕಡ್ಡಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕೂತಿದ್ದ. ಹೊಡೆಯಲಿ ಎಂದು ಕಾದೆ. ಬೈದರೂ ಆಗುತ್ತಿತ್ತು.

"ಅಬ್ಬಿಗೆ ಹೇಳಿದ್ಯಾ?" ಎಂದು ಕೇಳಿದ.

"ಇಲ್ಲ."

"ಹೇಳ್ಬೇಡ. ಯಾರಿಗೂ ಹೇಳ್ಬೇಡ." ಗರಿಕೆ ಕಡ್ಡಿಯನ್ನು ಬುಟ್ಟಿಗೆ ಹಾಕಿ ಹೇಳಿದ: "ನಂಗ್ ದೋಷ ಅಂದ್ರೆ ಅದ್ಕ್ ಪ್ರಾಯಶ್ಚಿತ್ತ ಇತ್. ಮಾಡ್ಕಂತಾ ಇದ್ದೆ, ಇವತ್ತಲ್ಲ ನಾಳೆ ಜನ ಮರೀತ್ರ್. ತಮ್ಮ ಹೀಂಗ್ ಮಾಡ್ದ ಅಂದ್ರೆ ಎಂತ ಮಾಡೂದ್? ಅದ್ಕ್ ಪ್ರಾಯಶ್ಚಿತ್ತ ಅಪ್ಪಯ್ಯನೂ ಹೇಳಿ ಕೊಡ್ಲಿಲ್ಲ ನಂಗೆ."

ಅವನು ಈ ಮಾತಿನಲ್ಲಿ ಎಲ್ಲಿಯೂ ತಪ್ಪಲಿಲ್ಲ. ನಾನು ಬಾಯಿಪಾಠ ಮಾಡಿದ ಅಷ್ಟೂ ಮಂತ್ರದಲ್ಲಿ ಇಂಥ ಒಂದು ಸಾಲು ಇರಲಿಲ್ಲ. ಇಂಥ ಮಾತು ನನ್ನ ಬಾಯಿಗೆ ಜನ್ಮದಲ್ಲಿ ಬಾರದು ಎಂದು ಅಲ್ಲಿಯೇ ಗೊತ್ತಾಯಿತು. ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಕ್ಷಮೆ ಕೇಳಬೇಕಾದ ಆ ಹೊತ್ತಿನಲ್ಲಿಯೂ, ದೇವರಾಣೆ, ನನಗೆ ಅವನ ಮೇಲೆ ಮತ್ತೆ ಹೊಟ್ಟೆಕಿಚ್ಚೇ ಬಂತು.

ಒಳಗಿನಿಂದ ಅಬ್ಬಿ ದೋಸೆ ಹೊಯ್ದಿದ್ದೇನೆ, ಬಿಸಿ ಇರುವಾಗಲೇ ಬಾ ಎಂದು ಕೂಗಿದಳು. ನನ್ನ ಹೆಸರು ಹಿಡಿದೇ ಕೂಗಿದಳು, ಎರಡು ಸಲ. ಅಣ್ಣನ ಹೆಸರು ಹೇಳಲಿಲ್ಲ. ಅವನು ಗರಿಕೆಯ ಬುಟ್ಟಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡ.

"ಹೋಗ್ ತಮ್ಮ. ಅಬ್ಬಿ ಕರೂದ್ ಕೇಂತಿಲ್ಯಾ? ನಿನ್ನನ್ನೇ" ಎಂದ.

ನಾನು ಒಳಗೆ ಹೋದೆ.